ಅಲಬಾಮಾ: ಒಂದು ಕಪ್ಪು ಮಣ್ಣಿನ ಪಟ್ಟಿ ಮತ್ತು ಅದರ ಮೇಲಿನ ಜನ

ಅಮೆರಿಕದ ಹೆಸರು ಹೇಳಿದರೆ ನಿಮಗೆ ಯಾವ ಊರು ನೆನಪಾಗುತ್ತದೆ? ನ್ಯೂಯಾರ್ಕ್, ಚಿಕಾಗೋ, ಸ್ಯಾನ್ ಹೋಸೆ, ಈಚೆಗೆ ಡಲ್ಲಾಸ್. ನಮ್ಮ ಮನೆಯವರೋ ಪಕ್ಕದ ಮನೆಯವರೋ ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ. ಅಲಬಾಮಾದಲ್ಲಿ ಮಗ ಇದ್ದಾನೆ ಅಂತ ಹೇಳುವವರು ಕಡಿಮೆ. ಆದರೆ ಅಮೆರಿಕ ಇವತ್ತು ಹೀಗೇಕಿದೆ ಅಂತ ತಿಳಿಯಬೇಕಾದರೆ ಮೊದಲು ನೋಡಬೇಕಾದ ರಾಜ್ಯ ಅದೇ. ನಾನು ಮಣ್ಣಿನ ವಿಷಯ ಓದಿದವನು, ಅಲ್ಲಿನ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಕೆಲವು ಕಾಲ ಇದ್ದವನು. ಹಾಗಾಗಿ ಇವತ್ತು ಆ ರಾಜ್ಯವನ್ನು ಮಣ್ಣಿನಿಂದಲೇ ಪರಿಚಯ ಮಾಡಿಸುತ್ತೇನೆ. ಧಾರವಾಡ, ಗದಗ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ನಿಮಗೆ ಇದು ಬೇಗ ಹತ್ತಿರವಾಗುತ್ತದೆ.

ಮೊದಲು ನಕ್ಷೆ. ಅಮೆರಿಕದ ಆಗ್ನೇಯ ಮೂಲೆಗೆ ಬನ್ನಿ. ಪೂರ್ವಕ್ಕೆ ಜಾರ್ಜಿಯಾ, ಪಶ್ಚಿಮಕ್ಕೆ ಮಿಸಿಸಿಪ್ಪಿ, ಉತ್ತರಕ್ಕೆ ಟೆನೆಸ್ಸಿ, ದಕ್ಷಿಣಕ್ಕೆ ಫ್ಲಾರಿಡಾ. ನೈಋತ್ಯದಲ್ಲಿ ಒಂದು ಸಣ್ಣ ತುಂಡು ಮಾತ್ರ ಮೆಕ್ಸಿಕೋ ಕೊಲ್ಲಿಯನ್ನು ಮುಟ್ಟುತ್ತದೆ. ಅಲ್ಲಿ ಮೊಬೀಲ್ ಅಂತ ಬಂದರು. ವಿಸ್ತೀರ್ಣ ಸುಮಾರು 1,35,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಜನ? 2020ರ ಜನಗಣತಿಯಲ್ಲಿ 50 ಲಕ್ಷ ಚಿಲ್ಲರೆ. ಇಡೀ ರಾಜ್ಯದ ಜನ ಬೆಂಗಳೂರಿನ ಅರ್ಧಕ್ಕೂ ಬರುವುದಿಲ್ಲ. 67 ಕೌಂಟಿಗಳಿವೆ, ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ರಾಜಧಾನಿ ಮಾಂಟ್ಗೊಮರಿ. 1819ರ ಡಿಸೆಂಬರ್‌ನಲ್ಲಿ ಅಮೆರಿಕದ 22ನೇ ರಾಜ್ಯವಾಯಿತು.

ಉತ್ತರದಲ್ಲಿ ಟೆನೆಸ್ಸಿ ನದಿ, ಅಪಲೇಚಿಯನ್ ಬೆಟ್ಟಗಳ ಬಾಲ, ಕೆಂಪು ಮಣ್ಣು. ನಮ್ಮ ಕಡೆ ಮಸಾರಿ ಅನ್ನುತ್ತೇವಲ್ಲ, ನೋಡಲು ಹಾಗೇ. ದಕ್ಷಿಣದಲ್ಲಿ ಮರಳು ಮಣ್ಣು, ಮೈಲಿಗಟ್ಟಲೆ ಪೈನ್ ಕಾಡು, ಆಮೇಲೆ ನದಿಗಳೆಲ್ಲ ಸೇರುವ ಜೌಗು ಪ್ರದೇಶ. ಇವೆರಡರ ನಡುವೆ, ರಾಜ್ಯದ ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಕಪ್ಪು ನೆಲ ಹಾದುಹೋಗುತ್ತದೆ. ಅಗಲ ಸುಮಾರು 40 ಕಿಲೋಮೀಟರ್. ಅಲ್ಲಿನವರು ಅದನ್ನು ಬ್ಲ್ಯಾಕ್ ಬೆಲ್ಟ್ ಅಂತಲೇ ಕರೆಯುತ್ತಾರೆ. ನನ್ನ ಇಡೀ ಮಾತು ಈ ಪಟ್ಟಿಯ ಬಗ್ಗೆ.

ಈ ಮಣ್ಣು ಎಲ್ಲಿಂದ ಬಂತು? ಸುಮಾರು 8 ಕೋಟಿ ವರ್ಷದ ಹಿಂದೆ ಡೈನೋಸಾರುಗಳಿದ್ದ ಕಾಲದಲ್ಲಿ ಅಲಬಾಮಾದ ದಕ್ಷಿಣಾರ್ಧ ಸಮುದ್ರದ ಕೆಳಗಿತ್ತು. ಆಳವಿಲ್ಲದ ಬೆಚ್ಚಗಿನ ಸಮುದ್ರ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹುಟ್ಟಿ ಸತ್ತು, ಅವುಗಳ ಸುಣ್ಣದ ಚಿಪ್ಪುಗಳು ತಳದಲ್ಲಿ ಕೂತು ಕೂತು ಸೀಮೆಸುಣ್ಣದ ದಪ್ಪ ಪದರವಾಯಿತು. ಸಮುದ್ರ ಹಿಂದೆ ಸರಿಯಿತು. ಆ ಸುಣ್ಣದ ಪದರ ಸವೆದು, ಮೇಲೆ ಹುಲ್ಲು ಬೆಳೆದು ಕೊಳೆತು, ಕಪ್ಪು ಜೇಡಿಮಣ್ಣಾಯಿತು. ವಿಜಯಪುರದ ಎರೆ ಮಣ್ಣು ದಖ್ಖನ್‌ನ ಲಾವಾ ಕಲ್ಲು ಸವೆದು ಆದದ್ದು. ಇವೆರಡಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಆದರೆ ಗುಣ ಮಾತ್ರ ಒಂದೇ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಂದರೆ ಉಬ್ಬುತ್ತದೆ, ಕಾಲಿಗೆ ಅಂಟಿದರೆ ಬಿಡುವುದಿಲ್ಲ. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಈ ಕೊನೆಯ ಗುಣವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಬಗ್ಗೆ ಒಂದು ದುಃಖದ ಸಂಗತಿ ಹೇಳಬೇಕಿದೆ.

ಇನ್ನೊಂದು ಸಂಗತಿ. ಅಲಬಾಮಾದ ರಾಜ್ಯ ಪಳೆಯುಳಿಕೆ ಒಂದು ತಿಮಿಂಗಿಲ, ಬೆಸಿಲೊಸಾರಸ್ ಅಂತ. ಅದು ಆ ಸಮುದ್ರಕ್ಕಿಂತ ತುಂಬಾ ಈಚಿನದು, ಸುಮಾರು 4 ಕೋಟಿ ವರ್ಷದ ಹಿಂದಿನದು. ರೈತರು ಹೊಲ ಉಳುವಾಗ ಅದರ ದೊಡ್ಡ ದೊಡ್ಡ ಬೆನ್ನೆಲುಬಿನ ಮೂಳೆಗಳು ಸಿಗುತ್ತಿದ್ದವು.

ಇಲ್ಲಿ ಮೊದಲು ಇದ್ದವರು ಯಾರು? ಕ್ರೀಕ್, ಚೋಕ್ಟಾ, ಚಿಕಸಾ, ಚೆರೋಕಿ ಜನ. ಅವರಿಗಿಂತ ಹಿಂದಿನವರು ಟಸ್ಕಲೂಸಾ ಊರಿನ ಹತ್ತಿರ ಮೌಂಡ್‌ವಿಲ್ ಅನ್ನುವಲ್ಲಿ ಮಣ್ಣಿನ ದೊಡ್ಡ ದಿಬ್ಬಗಳನ್ನು ಕಟ್ಟಿ ಒಂದು ಪಟ್ಟಣವನ್ನೇ ನಿಲ್ಲಿಸಿದ್ದರು. ನಮ್ಮ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕುವ ಕೆಲಸ ನಡೆದಿತ್ತು. ದಿಬ್ಬಗಳು ಇವತ್ತಿಗೂ ನಿಂತಿವೆ, ಹತ್ತಿ ನೋಡಬಹುದು. 1814ರ ಮಾರ್ಚ್‌ನಲ್ಲಿ ಹಾರ್ಸ್‌ಶೂ ಬೆಂಡ್ ಅನ್ನುವ ನದಿ ತಿರುವಿನಲ್ಲಿ ಆ್ಯಂಡ್ರೂ ಜಾಕ್ಸನ್ ಸೇನೆ ಕ್ರೀಕ್ ಜನರನ್ನು ಸೋಲಿಸಿತು. ಅದೇ ವರ್ಷದ ಒಪ್ಪಂದದಲ್ಲಿ ಅವರಿಂದ ಕಿತ್ತುಕೊಂಡ ನೆಲ ಸುಮಾರು 2 ಕೋಟಿ 30 ಲಕ್ಷ ಎಕರೆ. ಜಾಕ್ಸನ್ ಪರವಾಗಿ ಹೋರಾಡಿದ ಕ್ರೀಕ್ ಗುಂಪುಗಳ ನೆಲವೂ ಅದರಲ್ಲಿ ಸೇರಿತ್ತು! ಆಮೇಲೆ ಅದೇ ಜಾಕ್ಸನ್ ಅಧ್ಯಕ್ಷನಾಗಿ 1830ರಲ್ಲಿ ಕಾಯ್ದೆ ತಂದು, ಉಳಿದವರನ್ನೂ ಮಿಸಿಸಿಪ್ಪಿ ನದಿಯ ಆಚೆಗೆ ಓಡಿಸುವ ದಾರಿ ಮಾಡಿದ. ಈಗ ಅಲಬಾಮಾದಲ್ಲಿ ಒಕ್ಕೂಟ ಸರ್ಕಾರ ಮಾನ್ಯ ಮಾಡಿದ ಮೂಲನಿವಾಸಿ ಸಮುದಾಯ ಒಂದೇ ಒಂದು ಉಳಿದಿದೆ, ಪೋರ್ಚ್ ಕ್ರೀಕ್ ಅಂತ.

ನೆಲ ಖಾಲಿಯಾದ ಕೂಡಲೇ ಜನ ನುಗ್ಗಿದರು. ಜಾರ್ಜಿಯಾ, ವರ್ಜೀನಿಯಾ, ಕ್ಯಾರೊಲೈನಾಗಳ ಜಮೀನ್ದಾರರಿಗೆ ತಮ್ಮ ನೆಲ ತಂಬಾಕು ಬೆಳೆದೂ ಬೆಳೆದೂ ಸಾರ ಕಳೆದುಕೊಂಡಿತ್ತು. ಇಲ್ಲಿ ಹೊಸ ಕಪ್ಪು ಮಣ್ಣು, ಹತ್ತಿಗೆ ಹೇಳಿ ಮಾಡಿಸಿದ್ದು. ಇಂಗ್ಲೆಂಡಿನ ಗಿರಣಿಗಳು ಎಷ್ಟು ಅರಳೆ ಕೊಟ್ಟರೂ ನುಂಗುತ್ತಿದ್ದವು. ಆದರೆ ಹತ್ತಿ ಬಿಡಿಸಲು ಕೈ ಬೇಕು. ಆ ಕೈಗಳನ್ನು ಕೊಂಡು ತಂದರು. ವರ್ಜೀನಿಯಾದಿಂದ ಗುಲಾಮರನ್ನು ಸರಪಳಿ ಹಾಕಿ ನೂರಾರು ಮೈಲಿ ನಡೆಸಿಕೊಂಡು ಬಂದರು, ಹಡಗಿನಲ್ಲಿ ತಂದರು, ಮಾಂಟ್ಗೊಮರಿಯ ಪೇಟೆಯಲ್ಲಿ ಹರಾಜು ಹಾಕಿದರು. 1860ರ ಜನಗಣತಿಯಲ್ಲಿ ಅಲಬಾಮಾದ ಜನಸಂಖ್ಯೆ 9,64,201. ಅದರಲ್ಲಿ ಗುಲಾಮರು 4,35,080. ನೂರಕ್ಕೆ 45 ಜನ ಇನ್ನೊಬ್ಬರ ಆಸ್ತಿ. ಇವರು ರಾಜ್ಯದ ತುಂಬಾ ಸಮನಾಗಿ ಹರಡಿರಲಿಲ್ಲ. ಎಲ್ಲಿ ಕಪ್ಪು ಮಣ್ಣಿತ್ತೋ ಅಲ್ಲಿ ದಟ್ಟವಾಗಿದ್ದರು, ಉತ್ತರದ ಬೆಟ್ಟಗಳಲ್ಲಿ ತೀರಾ ಕಡಿಮೆ.

ಈಗ ನಮ್ಮ ಕಡೆಗೆ ಒಂದು ನಿಮಿಷ ಬರೋಣ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಅಲ್ಲಿನ ಬೀಜ ಇಲ್ಲಿ ಬರುತ್ತದೋ ನೋಡಬೇಕಿತ್ತು. ಬಹಳ ಕಡೆ ಅದು ಕೈಕೊಟ್ಟಿತು. ಚೆನ್ನಾಗಿ ಹಿಡಿದದ್ದು ಧಾರವಾಡ ಸೀಮೆಯಲ್ಲಿ. ಅದಕ್ಕೇ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಅನ್ನುವ ಹೆಸರಿನ ಹತ್ತಿ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿದಾಗ, ಲಂಕಾಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು, ಹತ್ತಿ ಬೆಲೆ ಗಗನಕ್ಕೆ ಹೋಯಿತು, ನಮ್ಮ ಎರೆ ಹೊಲಗಳಲ್ಲಿ ಜೋಳ ಬಿಟ್ಟು ಹತ್ತಿ ಹಾಕಿದರು. ಯುದ್ಧ ಮುಗಿದ ಕೂಡಲೇ ಬೆಲೆ ಬಿತ್ತು. ಮೊಬೀಲ್ ಬಂದರು ಮುಚ್ಚಿದ್ದರ ಬಿಸಿ ಹುಬ್ಬಳ್ಳಿಯ ಅಡತಿ ಅಂಗಡಿಗೂ ತಾಗಿದ ಕಾಲ ಅದು.

ಮೊಬೀಲ್ ಅಂದಾಗ ಒಂದು ಹಡಗಿನ ವಿಷಯ ಹೇಳಲೇಬೇಕು. ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ದೇಶದೊಳಗೆ ಮಾರಾಟ ನಡೆಯಬಹುದು, ಹೊರಗಿಂದ ತರುವಂತಿಲ್ಲ. ಆದರೂ ಮೊಬೀಲಿನ ಟಿಮತಿ ಮೇಹರ್ ಎಂಬ ಶ್ರೀಮಂತ 1860ರಲ್ಲಿ ಕ್ಲೊಟಿಲ್ಡಾ ಎಂಬ ಹಡಗನ್ನು ಪಶ್ಚಿಮ ಆಫ್ರಿಕಾದ ದಹೋಮಿಗೆ ಕಳಿಸಿ ಸುಮಾರು 110 ಜನರನ್ನು ತರಿಸಿದ. ರಾತ್ರಿ ನದಿಯೊಳಗೆ ಇಳಿಸಿ, ಸಾಕ್ಷಿ ಉಳಿಯಬಾರದೆಂದು ಹಡಗಿಗೆ ಬೆಂಕಿ ಇಟ್ಟರು. ಐದು ವರ್ಷದಲ್ಲಿ ಗುಲಾಮಗಿರಿ ಮುಗಿಯಿತು. ಆ ಜನ ಊರಿಗೆ ವಾಪಸ್ ಹೋಗಬೇಕೆಂದರು, ದುಡ್ಡಿರಲಿಲ್ಲ. ಕೂಲಿ ಮಾಡಿ ಕೂಡಿಟ್ಟ ಹಣದಿಂದ ಮೊಬೀಲ್ ಪಕ್ಕದಲ್ಲೇ ನೆಲ ಕೊಂಡು ತಮ್ಮದೇ ಊರು ಕಟ್ಟಿಕೊಂಡರು. ಅದರ ಹೆಸರು ಆಫ್ರಿಕಾಟೌನ್. ಅವರಲ್ಲಿ ಕೊಸೊಲಾ ಎಂಬವರು, ಅಮೆರಿಕದಲ್ಲಿ ಕಜೋ ಲೂಯಿಸ್ ಅಂತ ಕರೆಸಿಕೊಂಡವರು, 1935ರವರೆಗೂ ಬದುಕಿದ್ದರು. ಅಷ್ಟು ಈಚಿನ ಸಂಗತಿ ಇದು. ಹಡಗಿನ ಅವಶೇಷ ನದಿಯ ಕೆಸರಲ್ಲಿ ಸಿಕ್ಕಿದೆ ಅಂತ ಖಚಿತವಾದದ್ದು 2019ರಲ್ಲಿ. ಮೊಮ್ಮಕ್ಕಳ ಮಕ್ಕಳು ಅದೇ ಊರಲ್ಲಿ ಇವತ್ತಿಗೂ ಇದ್ದಾರೆ.

ಅಂತರ್ಯುದ್ಧದ ಲಡಾಯಿಗಳ ವಿವರಕ್ಕೆ ನಾನು ಹೋಗುವುದಿಲ್ಲ. ಒಂದು ಮಾತು ಸಾಕು. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಮೊದಲ ರಾಜಧಾನಿ ಮಾಂಟ್ಗೊಮರಿ. ಅವರ ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರ ಫೆಬ್ರವರಿಯಲ್ಲಿ ಪ್ರಮಾಣ ತೆಗೆದುಕೊಂಡದ್ದು ಅಲ್ಲಿನ ವಿಧಾನಸೌಧದ ಮೆಟ್ಟಿಲ ಮೇಲೆ.

ಯುದ್ಧದಲ್ಲಿ ಸೋತರು, ಗುಲಾಮಗಿರಿ ಹೋಯಿತು, ಕಪ್ಪು ಗಂಡಸರಿಗೆ ಮತ ಬಂತು. ಬ್ಲ್ಯಾಕ್ ಬೆಲ್ಟಿನಲ್ಲಿ ಅವರೇ ಬಹುಸಂಖ್ಯಾತರು, ಮತ ಹಾಕಿದರೆ ಆಡಳಿತ ಅವರ ಕೈಗೆ. ಇದನ್ನು ತಪ್ಪಿಸಲು 1901ರಲ್ಲಿ ಅಲಬಾಮಾ ಹೊಸ ಸಂವಿಧಾನವನ್ನೇ ಬರೆದುಕೊಂಡಿತು. ಬಿಳಿಯರ ಮೇಲುಗೈಯನ್ನು ಕಾನೂನಿನಿಂದ ಗಟ್ಟಿ ಮಾಡುವುದೇ ಉದ್ದೇಶ ಅಂತ ಆ ಸಭೆಯ ಅಧ್ಯಕ್ಷರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮತ ಹಾಕಬೇಕಾದರೆ ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು, ತಲೆಗಂದಾಯ. ವರ್ಷಕ್ಕೆ ಒಂದೂವರೆ ಡಾಲರ್, ಕಟ್ಟದ ವರ್ಷಗಳ ಬಾಕಿ ಸೇರುತ್ತಾ ಹೋಗುತ್ತಿತ್ತು. ಬಡ ಬಿಳಿಯರೂ ಇದರಲ್ಲಿ ಹೊರಗೆ ಬಿದ್ದರು. ಬ್ಲ್ಯಾಕ್ ಬೆಲ್ಟಿನ 14 ಕೌಂಟಿಗಳಲ್ಲಿ 1900ರಲ್ಲಿ ಸುಮಾರು 79,000 ಕಪ್ಪು ಮತದಾರರಿದ್ದರು. 1903ರ ಹೊತ್ತಿಗೆ ಉಳಿದವರು ಸುಮಾರು 1,100. ಮೂರೇ ವರ್ಷ! ಅಲಬಾಮಾದ ಬಗ್ಗೆ ಇವತ್ತು ಒಂದೇ ಅಂಕಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮಾರ್ಟಿನ್ ಲೂಥರ್ ಕಿಂಗ್ ಅವರಿಂದ ಹಿಡಿದು ಮುಂದಿನದೆಲ್ಲ ಈ ಅಂಕಿಯನ್ನು ತಿರುಗಿಸುವ ಹೋರಾಟ.

ಅದಕ್ಕೂ ಮುಂಚೆ ಒಂದು ಹುಳದ ಕತೆ. ರೈತ ಮನೆಯವರಿಗೆ ಇದು ಇಷ್ಟವಾಗುತ್ತದೆ. ಬೋಲ್ ವೀವಿಲ್ ಅಂತ ಒಂದು ಮೂತಿಹುಳು, ಮೆಕ್ಸಿಕೋದಿಂದ ಬಂದು 1910ರ ಆಸುಪಾಸಿನಲ್ಲಿ ಅಲಬಾಮಾ ಮುಟ್ಟಿತು. ಹತ್ತಿಯ ಮೊಗ್ಗು, ಕಾಯಿಗಳೊಳಗೆ ಮೊಟ್ಟೆ ಇಟ್ಟು ಬೆಳೆಯನ್ನು ಮುಗಿಸುತ್ತದೆ. ರಾಜ್ಯದ ಆಗ್ನೇಯ ಭಾಗದ ಎಂಟರ್‌ಪ್ರೈಸ್ ಎಂಬ ಊರಿನ ರೈತರು ಹತ್ತಿ ಬಿಟ್ಟು ಶೇಂಗಾ ಹಾಕಿದರು. ಲಾಭವಾಯಿತು. ಎಷ್ಟು ಲಾಭವೆಂದರೆ 1919ರಲ್ಲಿ ಊರ ಮಧ್ಯೆ ಆ ಹುಳಕ್ಕೇ ಒಂದು ಸ್ಮಾರಕ ನಿಲ್ಲಿಸಿದರು. ಒಬ್ಬ ಹೆಣ್ಣುಮಗಳು ಎರಡೂ ಕೈ ಎತ್ತಿ ನಿಂತಿದ್ದಾಳೆ, ಆಮೇಲೆ ಎಷ್ಟೋ ವರ್ಷಕ್ಕೆ ಆ ಕೈಗಳಲ್ಲಿ ದೊಡ್ಡದೊಂದು ಹುಳದ ಪ್ರತಿಮೆಯನ್ನೂ ಇಟ್ಟರು. ಎಲ್ಲರೂ ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸ್ವಂತ ನೆಲ ಇದ್ದವನು ಬೆಳೆ ಬದಲಿಸಬಹುದು. ಪಾಲಿಗೆ ಹೊಲ ಮಾಡುವವನು ಏನು ಮಾಡಬೇಕು? ಜಮೀನ್ದಾರ ಹತ್ತಿ ಹಾಕು ಅಂದರೆ ಹತ್ತಿಯನ್ನೇ ಹಾಕಬೇಕು, ಬೀಜ, ಹಿಟ್ಟು, ಬಟ್ಟೆ ಎಲ್ಲ ಅವನ ಅಂಗಡಿಯ ಸಾಲ. ಹುಳು ಬಿದ್ದ ಮೇಲೆ ಅಂಥ ಸಾವಿರಾರು ಕಪ್ಪು ಕುಟುಂಬಗಳು ಗಂಟುಮೂಟೆ ಕಟ್ಟಿ ಚಿಕಾಗೋ, ಡೆಟ್ರಾಯಿಟ್ ಕಡೆ ಹೋದವು.

ಉಳಿದವರ ಜೊತೆ ನಿಂತವರೂ ಇದ್ದರು. ಗುಲಾಮರಾಗಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಟಸ್ಕೀಗಿ ಎಂಬಲ್ಲಿ ಶಾಲೆ ಶುರು ಮಾಡಿದರು. 1896ರಲ್ಲಿ ಅಲ್ಲಿಗೆ ಬಂದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ನನಗೆ ಬಹಳ ಇಷ್ಟದ ವ್ಯಕ್ತಿ. ಅವರೂ ಗುಲಾಮರಾಗಿಯೇ ಹುಟ್ಟಿದವರು. ಶೇಂಗಾದಿಂದ ನೂರಾರು ಪದಾರ್ಥ ಮಾಡಿದರು ಅಂತಷ್ಟೇ ಶಾಲೆಯಲ್ಲಿ ಹೇಳಿಕೊಡುತ್ತಾರೆ, ಅದು ಅವರ ದೊಡ್ಡ ಕೆಲಸ ಅಲ್ಲವೇ ಅಲ್ಲ. ಗೊಬ್ಬರ ಕೊಳ್ಳಲು ಕಾಸಿಲ್ಲದ ರೈತ ಏನು ಮಾಡಬಹುದು ಅಂತ ಅವರು ಯೋಚಿಸಿದರು. ಕಾಡಿನ ಎಲೆಗೊಬ್ಬರ, ಕೆರೆ ಹೂಳು, ಹತ್ತಿಯ ಜೊತೆ ಸರದಿಯಲ್ಲಿ ಅಲಸಂದೆ, ಶೇಂಗಾ, ಗೆಣಸು. 1906ರಲ್ಲಿ ಒಂದು ಕುದುರೆ ಗಾಡಿಯಲ್ಲಿ ಸಲಕರಣೆ ತುಂಬಿಸಿ ಹಳ್ಳಿಗಳಿಗೇ ಕಳಿಸಿದರು. ರೈತ ಕಾಲೇಜಿಗೆ ಬರಲಾರ, ಕಾಲೇಜೇ ಅವನ ಹೊಲಕ್ಕೆ ಹೋಗಲಿ ಅಂತ.

ಅದೇ 1896ರಲ್ಲಿ ಪಕ್ಕದ ಆಬರ್ನ್‌ನಲ್ಲಿ ಒಂದು ಪ್ರಯೋಗ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಓಲ್ಡ್ ರೊಟೇಷನ್ ಅಂತ ಹೆಸರು. ಒಂದು ಎಕರೆ, 13 ತಾಕು. ಒಂದು ತಾಕಿನಲ್ಲಿ ವರ್ಷ ವರ್ಷ ಬರೀ ಹತ್ತಿ, ಗೊಬ್ಬರದ ಸಾರಜನಕ ಇಲ್ಲ, ದ್ವಿದಳ ಬೆಳೆಯೂ ಇಲ್ಲ. ಇನ್ನೊಂದರಲ್ಲಿ ಚಳಿಗಾಲಕ್ಕೆ ಕಾಳಿನ ಜಾತಿಯ ಹಸಿರು ಗೊಬ್ಬರ. ಎರಡನ್ನೂ ಅಕ್ಕಪಕ್ಕ ನಿಂತು ನೋಡಿದರೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಂದು ಕಡೆ ಮೊಣಕಾಲೆತ್ತರದ ಹಳದಿ ಗಿಡ, ಇನ್ನೊಂದು ಕಡೆ ಸೊಂಪಾದ ಹತ್ತಿ. ನಾನು ಅಲ್ಲಿ ಇದ್ದಾಗ ಸುಮ್ನೆ ಸಂಜೆ ಹೊತ್ತು ಹೋಗಿ ಅದರ ಬೇಲಿ ಹತ್ತಿರ ನಿಲ್ಲುತ್ತಿದ್ದೆ.

ಈಗ ಮತದ ವಿಷಯಕ್ಕೆ ವಾಪಸ್. ಮಾಂಟ್ಗೊಮರಿಯ ಬಸ್ ಬಹಿಷ್ಕಾರ ನಿಮಗೆಲ್ಲ ಗೊತ್ತು. 1955ರ ಡಿಸೆಂಬರ್ 1, ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ತಮ್ಮ ಸೀಟು ಬಿಟ್ಟುಕೊಡಲಿಲ್ಲ. ದಣಿದ ಮುದುಕಿಯೊಬ್ಬರು ಏಳಲಾರದೆ ಕೂತುಬಿಟ್ಟರು ಅನ್ನುವ ಹಾಗೆ ಇದನ್ನು ಹೇಳುತ್ತಾರೆ, ಅದು ತಪ್ಪು. ಅವರಿಗೆ ಆಗ 42 ವರ್ಷ, ಹೋರಾಟದ ಸಂಘಟನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅದೇ ವರ್ಷದ ಮಾರ್ಚ್‌ನಲ್ಲಿ 15 ವರ್ಷದ ಹುಡುಗಿ ಕ್ಲಾಡೆಟ್ ಕಾಲ್ವಿನ್ ಕೂಡ ಹೀಗೇ ಕೂತು ಬಂಧನಕ್ಕೊಳಗಾಗಿದ್ದಳು. ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ನಿದ್ದೆಗೆಟ್ಟು ಸಾವಿರಾರು ಕರಪತ್ರ ಅಚ್ಚು ಹಾಕಿಸಿದರು. 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾದರು. 381 ದಿನ ಜನ ಬಸ್ ಹತ್ತಲಿಲ್ಲ. ನಡೆದರು, ಒಬ್ಬರ ಕಾರಲ್ಲಿ ಇನ್ನೊಬ್ಬರು ಹೋದರು. ಇವರಲ್ಲಿ ಜಾಸ್ತಿ ಜನ ಬಿಳಿಯರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುತ್ತಿದ್ದ ಹೆಂಗಸರು. ಬಹಿಷ್ಕಾರವನ್ನು ಎತ್ತಿ ಹಿಡಿದದ್ದು ಅವರ ಕಾಲುಗಳು. ಕಿಂಗ್ ಅವರ ಚರ್ಚಿನಿಂದ ಜೆಫರ್ಸನ್ ಡೇವಿಸ್ ಪ್ರಮಾಣ ಮಾಡಿದ ಮೆಟ್ಟಿಲಿಗೆ ನಡೆದರೆ ಐದು ನಿಮಿಷವೂ ಆಗುವುದಿಲ್ಲ. ಕಿಂಗ್ ದಂಪತಿಗಳು 1959ರಲ್ಲಿ ಭಾರತಕ್ಕೆ ಬಂದು ಗಾಂಧಿಯವರ ಜೊತೆ ಕೆಲಸ ಮಾಡಿದವರನ್ನು ಕಂಡು ಹೋದರು.

ಸೆಲ್ಮಾ ಬ್ಲ್ಯಾಕ್ ಬೆಲ್ಟಿನ ನಟ್ಟನಡುವಿನ ಊರು. 1965ರ ಶುರುವಿನಲ್ಲಿ ಅಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನ ನೂರಕ್ಕೆ ಎರಡು. ಪಕ್ಕದ ಲೌಂಡ್ಸ್ ಕೌಂಟಿಯಲ್ಲಿ ಜನರಲ್ಲಿ ನೂರಕ್ಕೆ 80 ಕಪ್ಪು ಜನ, ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಒಬ್ಬರೂ! ಮಾರ್ಚ್ 7ರ ಭಾನುವಾರ ಸುಮಾರು 600 ಜನ ಸೆಲ್ಮಾದ ಸೇತುವೆ ದಾಟಿ ಮಾಂಟ್ಗೊಮರಿಗೆ ನಡೆಯಲು ಹೊರಟರು. ಆಚೆ ದಡದಲ್ಲಿ ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಕಾಯುತ್ತಿದ್ದರು. ಮುಂದಿನ ಸಾಲಲ್ಲಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಟಿವಿಯಲ್ಲಿ ದೇಶವೆಲ್ಲ ನೋಡಿತು. ಎರಡು ವಾರದ ನಂತರ ಮತ್ತೆ ಹೊರಟು, ಐದು ದಿನದಲ್ಲಿ 87 ಕಿಲೋಮೀಟರ್ ನಡೆದು, ವಿಧಾನಸೌಧದ ಎದುರು ಸೇರಿದಾಗ 25,000 ಜನ. ಆಗಸ್ಟ್ 6ಕ್ಕೆ ಮತದಾನ ಹಕ್ಕಿನ ಕಾಯ್ದೆ ಬಂತು.

ಸೇತುವೆಯ ಕತೆ ಎಲ್ಲರೂ ಹೇಳುತ್ತಾರೆ. ಆಮೇಲೆ ಲೌಂಡ್ಸಿನಲ್ಲಿ ಏನಾಯಿತು ಅನ್ನುವುದನ್ನು ಹೇಳುವವರು ಕಡಿಮೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಮತಕ್ಕೆ ಹೆಸರು ಬರೆಸಿದ ಪಾಲಿನ ರೈತರನ್ನು ಜಮೀನ್ದಾರರು ಮನೆಯಿಂದ ಹೊರಗೆ ಹಾಕಿದರು. ಅವರು ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಎರಡು ಚಳಿಗಾಲ ಕಳೆದರು, ಹೆಸರು ವಾಪಸ್ ತೆಗೆಸಲಿಲ್ಲ. ಅಲ್ಲಿ ಓದಲು ಬಾರದ ಮತದಾರರಿಗಾಗಿ ಪಕ್ಷಗಳು ಚಿಹ್ನೆ ಇಟ್ಟುಕೊಳ್ಳಬೇಕಿತ್ತು, ನಮ್ಮ ಚುನಾವಣೆಯ ಹಾಗೇ. ಅಲಬಾಮಾದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ, ಅದರ ಮೇಲೆ ಬಿಳಿಯರ ಮೇಲುಗೈಗೆ ಜೈ ಅನ್ನುವ ಅರ್ಥದ ಸಾಲು. ಅಂಥ ಚಿಹ್ನೆಗೆ ಹೇಗೆ ಮತ ಹಾಕುವುದು? ಲೌಂಡ್ಸಿನ ಜನ ತಮ್ಮದೇ ಪಕ್ಷ ಕಟ್ಟಿ ಕಪ್ಪು ಚಿರತೆಯನ್ನು ಚಿಹ್ನೆ ಮಾಡಿಕೊಂಡರು. ಮುಂದೆ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ತೆಗೆದುಕೊಂಡದ್ದು ಈ ಹಳ್ಳಿಯ ಚಿರತೆಯನ್ನೇ. 1966ರ ಚುನಾವಣೆಯಲ್ಲಿ ಸೋತರು. 1970ರಲ್ಲಿ ಅದೇ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಹ್ಯುಲೆಟ್ ಕೌಂಟಿಯ ಶೆರಿಫ್, ಅಂದರೆ ಜನ ಮತ ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ ಆದರು. ಐದು ವರ್ಷದ ಹಿಂದೆ ಪಟ್ಟಿಯಲ್ಲಿ ಒಬ್ಬರೂ ಇಲ್ಲದ ಕೌಂಟಿಯಲ್ಲಿ.

ಪಕ್ಕದ ವಿಲ್ಕಾಕ್ಸ್ ಕೌಂಟಿಯಲ್ಲಿ ಅಲಬಾಮಾ ನದಿ ಕುದುರೆ ಲಾಳದ ಹಾಗೆ ತಿರುಗುತ್ತದೆ. ಆ ತಿರುವಿನೊಳಗಿನ ಊರು ಜೀಸ್ ಬೆಂಡ್. ಮೂರು ಕಡೆ ನೀರು. ಅಲ್ಲಿ ಬಹಳ ಮನೆತನಗಳ ಹೆಸರು ಪೆಟ್‌ವೇ, ಅವರ ಹಿರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಜಮೀನ್ದಾರನ ಹೆಸರದು. ಅಲ್ಲಿನ ಹೆಂಗಸರು ಹಳೆ ಪ್ಯಾಂಟು, ಅಂಗಿ, ಹಿಟ್ಟಿನ ಚೀಲ ಜೋಡಿಸಿ ಕೌದಿ ಹೊಲಿಯುತ್ತಾರೆ. ಅಳತೆಯ ಚೌಕ ಇಲ್ಲ, ಗೆರೆ ಓರೆ, ಬಣ್ಣ ಧೈರ್ಯದ್ದು. ನಮ್ಮ ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದವರಿಗೆ ಇದು ಕೂಡಲೇ ಪರಿಚಿತ ಅನ್ನಿಸುತ್ತದೆ. ಅವರೂ ಆಫ್ರಿಕಾ ಮೂಲದವರೇ. ಈ ಹೋಲಿಕೆ ನನ್ನನ್ನು ಬಹಳ ದಿನ ಕಾಡಿದೆ. ಚಳಿಗೆ ಹೊದೆಯಲು ಹೊಲಿದ ಆ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆ ಚೀಟಿಯಾದವು. ಇದೇ ಊರಿನವರು 1960ರ ದಶಕದಲ್ಲಿ ಮತಕ್ಕೆ ಹೆಸರು ಬರೆಸಲು ನದಿಯಾಚೆಯ ಕ್ಯಾಮ್ಡನ್ ಊರಿಗೆ ಹೋಗತೊಡಗಿದಾಗ ದೋಣಿ ಸೇವೆಯನ್ನೇ ನಿಲ್ಲಿಸಿದರು. ಕಣ್ಣೆದುರಿನ ಊರಿಗೆ ರಸ್ತೆಯಲ್ಲಿ ದೂರ ಸುತ್ತಿ ಹೋಗಬೇಕಾಯಿತು. ದೋಣಿ ಮತ್ತೆ ಶುರುವಾದದ್ದು 2006ರಲ್ಲಿ. ನಲವತ್ತಕ್ಕೂ ಹೆಚ್ಚು ವರ್ಷ.

ಉತ್ತರದ ಕೆಂಪು ಮಣ್ಣಿನ ಬಗ್ಗೆ ಸ್ವಲ್ಪ ಬೇಗ ಹೇಳಿ ಮುಗಿಸುತ್ತೇನೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಪಕ್ಕಪಕ್ಕದಲ್ಲೇ ಸಿಕ್ಕಿದ್ದರಿಂದ 1871ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಹುಟ್ಟಿತು. ಆ ಗಣಿಗಳಲ್ಲಿ ಬಹುಕಾಲ ದುಡಿದವರು ಸರ್ಕಾರ ಬಾಡಿಗೆಗೆ ಕೊಟ್ಟ ಕೈದಿಗಳು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಈ ಪದ್ಧತಿಯನ್ನು ಅಲಬಾಮಾ ನಿಲ್ಲಿಸಿದ್ದು 1928ರಲ್ಲಿ. 1963ರಲ್ಲಿ ಮಕ್ಕಳ ಮೆರವಣಿಗೆ ಮೇಲೆ ನಾಯಿ ಬಿಟ್ಟು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದದ್ದು ಈ ಊರಲ್ಲೇ. ಅದೇ ಸೆಪ್ಟೆಂಬರ್ 15ರಂದು ಚರ್ಚಿನಲ್ಲಿ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಇನ್ನೂ ಉತ್ತರಕ್ಕೆ ಹೋದರೆ ಹಂಟ್ಸ್‌ವಿಲ್. 1950ರಲ್ಲಿ ವೆರ್ನರ್ ಫಾನ್ ಬ್ರೌನ್ ಮತ್ತವರ ಜರ್ಮನ್ ತಂಡವನ್ನು ಅಮೆರಿಕದ ಸೇನೆ ಅಲ್ಲಿಗೆ ತಂದಿತು. ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್ ರೂಪುಗೊಂಡದ್ದು ಅಲ್ಲೇ. ಇದೇ ತಂಡ ಹಿಟ್ಲರನ ಕಾಲದಲ್ಲಿ ಮಾಡಿದ ರಾಕೆಟ್ಟುಗಳನ್ನು ಕೈದಿಗಳ ಶಿಬಿರದವರು ಸುರಂಗಗಳಲ್ಲಿ ಸಾಯುತ್ತಾ ಜೋಡಿಸಿದ್ದರು ಅನ್ನುವುದನ್ನೂ ಅದರ ಜೊತೆಗೇ ಹೇಳಬೇಕು. ಇವತ್ತು ರಾಜ್ಯದ ದೊಡ್ಡ ನಗರ ಹಂಟ್ಸ್‌ವಿಲ್, ಭಾರತದ ಇಂಜಿನಿಯರುಗಳೂ ಅಲ್ಲಿದ್ದಾರೆ. ಮರ್ಸಿಡಿಸ್, ಹೋಂಡಾ, ಹ್ಯುಂಡೈ, ಟೊಯೊಟಾ ಎಲ್ಲರ ಕಾರ್ಖಾನೆ ರಾಜ್ಯದಲ್ಲಿದೆ. ಆದರೆ ಆ ಕೆಲಸಗಳು ಬ್ಲ್ಯಾಕ್ ಬೆಲ್ಟಿನ ಹಳ್ಳಿಗಳ ಒಳಗೆ ಹೆಚ್ಚು ಬರಲಿಲ್ಲ.

ಊಟದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಮ್ಮವರಿಗೆ ಅಮೆರಿಕದ ಬೇರೆ ಕಡೆಗಿಂತ ಅಲ್ಲಿ ಬಾಯಿಗೆ ಹಿತ ಜಾಸ್ತಿ. ಬೆಂಡೆಕಾಯಿ ಸಿಗುತ್ತದೆ, ಕರಿದದ್ದು, ಸಾರಿಗೆ ಹಾಕಿದ್ದು. ಅಲಸಂದೆ ಕಾಳು ಸಿಗುತ್ತದೆ, ಹೊಸ ವರ್ಷದ ದಿನ ಅದನ್ನು ತಿನ್ನಲೇಬೇಕು. ಎರಡೂ ಆಫ್ರಿಕಾದಿಂದ ಗುಲಾಮರ ಜೊತೆ ಬಂದವು. ಬಿಳಿ ಜೋಳವಲ್ಲ, ಮೆಕ್ಕೆಜೋಳದ ನುಚ್ಚಿನ ಗಂಜಿ ಬೆಳಿಗ್ಗೆ. ರಸ್ತೆ ಬದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಶೇಂಗಾ, ಸಿಪ್ಪೆ ಸಮೇತ, ಬಿಸಿಬಿಸಿ. ಇನ್ನು ಅಲ್ಲಿನವರು ಪರಿಚಯವಾದ ಕೂಡಲೇ ಕೇಳುವ ಪ್ರಶ್ನೆ ನೀವು ಅಲಬಾಮಾನೋ ಆಬರ್ನೋ ಅಂತ. ಎರಡು ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ತಂಡಗಳು. ಪಂದ್ಯದ ದಿನ ಟಸ್ಕಲೂಸಾದ ಮೈದಾನದಲ್ಲಿ ಒಂದು ಲಕ್ಷ ಜನ ಕೂಡುತ್ತಾರೆ.

ಈಗ ಮಣ್ಣಿನ ಆ ಕೊನೆಯ ಗುಣ. ನೀರನ್ನು ಕೆಳಕ್ಕೆ ಇಳಿಯಲು ಬಿಡುವುದಿಲ್ಲ ಅಂದೆನಲ್ಲ. ಹಳ್ಳಿ ಮನೆಗಳ ಶೌಚದ ನೀರು ಗುಂಡಿಯಿಂದ ಮಣ್ಣಿಗೆ ಇಂಗಬೇಕು. ಬ್ಲ್ಯಾಕ್ ಬೆಲ್ಟಿನ ಜೇಡಿಮಣ್ಣಲ್ಲಿ ಅದು ಇಂಗುವುದಿಲ್ಲ. ಅಲ್ಲಿಗೆ ಬೇಕಾದ ವಿಶೇಷ ವ್ಯವಸ್ಥೆಗೆ ಹತ್ತು-ಇಪ್ಪತ್ತು ಸಾವಿರ ಡಾಲರ್ ಬೇಕಾಗಬಹುದು. ಬಡವರು ಎಲ್ಲಿಂದ ತರಬೇಕು? ಲೌಂಡ್ಸ್ ಕೌಂಟಿಯ ಎಷ್ಟೋ ಮನೆಗಳಲ್ಲಿ ಪೈಪು ನೇರ ಹಿತ್ತಲಿಗೆ. ಮಳೆ ಬಂದರೆ ಹೊಲಸು ಮನೆಯೊಳಗೇ ಬರುತ್ತದೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಲ್ಲಿನ ಜನರಲ್ಲಿ ಕೊಕ್ಕೆಹುಳುವಿನ ಸೋಂಕಿನ ಗುರುತು ಸಿಕ್ಕಿತು. ಜಗತ್ತಿನ ಶ್ರೀಮಂತ ದೇಶದಲ್ಲಿ! ವ್ಯವಸ್ಥೆ ಇಲ್ಲದ್ದಕ್ಕೆ ಬಡವರ ಮೇಲೆಯೇ ಕೇಸು ಹಾಕಿದ್ದೂ ಉಂಟು. ಲೌಂಡ್ಸಿನಲ್ಲೇ ಬೆಳೆದ ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್ ಎಂಬವರು ವರ್ಷಗಟ್ಟಲೆ ಮನೆ ಮನೆ ತಿರುಗಿ ಇದನ್ನು ದೇಶದ ಕಣ್ಣಿಗೆ ತಂದರು. ಯಾವ ಮಣ್ಣಿಗಾಗಿ ಇವರ ಹಿರಿಯರನ್ನು ಸರಪಳಿ ಹಾಕಿ ತಂದರೋ ಅದೇ ಮಣ್ಣಿನಲ್ಲಿ ಇವರು ಇವತ್ತು ಕಷ್ಟಪಡುತ್ತಿದ್ದಾರೆ. ಇದು ಮಣ್ಣಿನ ತಪ್ಪಲ್ಲ. ಆ ಮಣ್ಣಿನಿಂದ ಬಂದ ಹತ್ತಿಯ ದುಡ್ಡಲ್ಲಿ ಒಂದು ಪಾಲು ಅಲ್ಲೇ ಉಳಿದಿದ್ದರೆ ಇದು ಎಂದೋ ಸರಿಯಾಗುತ್ತಿತ್ತು, ಅಲ್ವಾ?

ಮತದ ಜಗಳವೂ ಮುಗಿದಿಲ್ಲ. 1965ರ ಕಾಯ್ದೆಯ ಮುಖ್ಯ ಭಾಗವೊಂದನ್ನು 2013ರಲ್ಲಿ ಸುಪ್ರೀಂ ಕೋರ್ಟ್ ನಿಷ್ಕ್ರಿಯಗೊಳಿಸಿತು. ಆ ಕೇಸು ಹಾಕಿದ್ದು ಅಲಬಾಮಾದ ಶೆಲ್ಬಿ ಕೌಂಟಿ. ಆದರೆ 2023ರಲ್ಲಿ ಅದೇ ಕೋರ್ಟು ಅಲಬಾಮಾದ ಕ್ಷೇತ್ರ ವಿಂಗಡಣೆ ಕಪ್ಪು ಮತದಾರರಿಗೆ ಅನ್ಯಾಯ ಅಂದಿತು. ಕಪ್ಪು ಮತದಾರರ ಮತಕ್ಕೆ ಬೆಲೆ ಬರುವ ಹಾಗೆ ಒಂದು ಕ್ಷೇತ್ರಕ್ಕೆ ಹೊಸ ಗೆರೆ ಎಳೆದರು, 2024ರಲ್ಲಿ ಆ ಕ್ಷೇತ್ರದಿಂದ ಕಪ್ಪು ಅಭ್ಯರ್ಥಿ ಶೊಮಾರಿ ಫಿಗರ್ಸ್ ಗೆದ್ದರು. ಅಲಬಾಮಾದ ಚುನಾವಣಾ ಫಲಿತಾಂಶದ ನಕ್ಷೆ ತೆಗೆದು ನೋಡಿ. ರಿಪಬ್ಲಿಕನ್ ಪಕ್ಷ ಗೆದ್ದ ಕಡೆ ಕೆಂಪು, ಕಪ್ಪು ಜನ ಈಗ ಹೆಚ್ಚಾಗಿ ಮತ ಹಾಕುವ ಡೆಮಾಕ್ರಟಿಕ್ ಪಕ್ಷ ಗೆದ್ದ ಕಡೆ ನೀಲಿ. ರಾಜ್ಯವೆಲ್ಲ ಕೆಂಪು, ಮಧ್ಯೆ ಒಂದು ನೀಲಿ ಪಟ್ಟಿ. ಅದರ ಪಕ್ಕ ಆ ಪುರಾತನ ಸಮುದ್ರದ ಸುಣ್ಣದ ಪದರದ ನಕ್ಷೆ ಇಡಿ. ಎರಡೂ ಹೆಚ್ಚುಕಡಿಮೆ ಒಂದೇ.

ಕೊನೆಗೆ, ಹೋಗಿ ನೋಡಬೇಕೆಂದರೆ ಹೇಗೆ ಅಂತ ಆಗಲೇ ಒಬ್ಬರು ಕೇಳಿದರು. ಅಟ್ಲಾಂಟಾಕ್ಕೆ ಹೋದವರು ಕಾರಿನಲ್ಲಿ ಎರಡೂವರೆ ಗಂಟೆಯಲ್ಲಿ ಮಾಂಟ್ಗೊಮರಿ ಮುಟ್ಟಬಹುದು. ಬೇಸಿಗೆ ಬೇಡ, ಸೆಕೆ ಮಂಗಳೂರಿನಷ್ಟೇ. ಏಪ್ರಿಲ್‌ನಲ್ಲಿ ಸುಂಟರಗಾಳಿಯ ಭಯ, 2011ರ ಏಪ್ರಿಲ್ 27ರ ಒಂದೇ ದಿನ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ ಒಳ್ಳೆಯದು, ಹತ್ತಿ ಒಡೆದಿರುತ್ತದೆ. ಮಾಂಟ್ಗೊಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕ ನೋಡಿ. ಗುಂಪುಗಳು ಹಿಡಿದು ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ ಅಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ, ಒಂದೊಂದು ಕೌಂಟಿಗೆ ಒಂದೊಂದು. ಅದಕ್ಕೆ ಸೇರಿದ ಮ್ಯೂಸಿಯಂನಲ್ಲಿ ಗಾಜಿನ ಜಾಡಿಗಳ ಸಾಲು ಇದೆ. ಆ ಕೊಲೆಗಳಾದ ಜಾಗಗಳಿಂದ ಜನ ಅಗೆದು ತಂದ ಮಣ್ಣು, ಜಾಡಿಯ ಮೇಲೆ ಸತ್ತವರ ಹೆಸರು. ಕೆಂಪು, ಕಂದು, ಬೂದು, ಕಪ್ಪು. ಮಣ್ಣು ಓದಿದವನಿಗೆ ಬಣ್ಣ ನೋಡಿದರೆ ಯಾವ ಸೀಮೆಯದು ಅಂತ ಗೊತ್ತಾಗುತ್ತದೆ. ಅಲ್ಲಿ ನನಗೆ ಮುಂದೆ ಹೋಗಲು ಆಗಲಿಲ್ಲ. ಅಲ್ಲಿಂದ 80ನೇ ಹೆದ್ದಾರಿ ಹಿಡಿದರೆ ಲೌಂಡ್ಸ್ ಮೇಲೆ ಸೆಲ್ಮಾ, ಡೇರೆ ಹಾಕಿದ್ದ ಜಾಗದಲ್ಲಿ ಈಗ ಒಂದು ಮಾಹಿತಿ ಕೇಂದ್ರ ಇದೆ, ಒಂದು ಗಂಟೆ ಇಟ್ಟುಕೊಳ್ಳಿ. ಸೆಲ್ಮಾದಿಂದ ಕ್ಯಾಮ್ಡನ್‌ಗೆ ಹೋಗಿ ದೋಣಿಯಲ್ಲಿ ಜೀಸ್ ಬೆಂಡಿಗೆ ದಾಟಿ. ದೋಣಿಯ ಸಮಯ ಮುಂಚೆಯೇ ಕೇಳಿಕೊಳ್ಳಿ, ನದಿಯಲ್ಲಿ ನೀರು ಜಾಸ್ತಿಯಾದ ದಿನ ಅದು ಹೊರಡುವುದಿಲ್ಲ. ಕೌದಿ ಕೊಳ್ಳುವ ಮನಸ್ಸಿದ್ದರೆ ಹೊಲಿದವರಿಂದಲೇ ಕೊಳ್ಳಿ.